ಮನೆಯಲ್ಲೇ ಎಂಜಿನ್ ಕಟ್ಟೋಕೆ ಆಗುತ್ತಾ? ಆಗುತ್ತೆ. ಮುಂದೆ?

ಹಳೇ ಕಾರಿನ ಎಂಜಿನ್ ಬಿಚ್ಚಿ ಕೂತಿದ್ದೇನೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಒಂದೇ. ಕೆಳಭಾಗವನ್ನೂ ಮನೆಯಲ್ಲೇ ಮಾಡ್ತೀರಾ? ಕೆಳಭಾಗ ಅಂದರೆ ಪಿಸ್ಟನ್, ಅದರ ಕೆಳಗಿನ ಕನೆಕ್ಟಿಂಗ್ ರಾಡ್, ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ತಿರುಗಾಟ ಮಾಡುವ ಕ್ರ್ಯಾಂಕ್‌ಶಾಫ್ಟ್ (ಕ್ರ್ಯಾಂಕ್), ಅದು ಕೂರುವ ಬೇರಿಂಗ್‌ಗಳು. ಹೌದು, ಮಾಡುತ್ತೇನೆ. ನಿಮಗೂ ಆಗುತ್ತದೆ.

ಅಷ್ಟಕ್ಕೇ ಬಿಟ್ಟರೆ ಈ ಬರಹ ಬೇಕಿರಲಿಲ್ಲ. “ಅದಕ್ಕೆ ದೊಡ್ಡ ಮಿಷಿನ್ ಬೇಕಲ್ವಾ?” ಬೇಕು. ನನ್ನ ಹತ್ತಿರ ಇಲ್ಲ. ಕ್ರ್ಯಾಂಕ್ ಗ್ರೈಂಡ್ ಮಾಡುವುದು, ಸಿಲಿಂಡರ್ ಬೋರ್ ಮಾಡುವುದು, ಅಂದರೆ ಉಜ್ಜುವುದು, ಕೊರೆಯುವುದು, ಮಿಷಿನ್ ಶಾಪಿನವರ ಕೆಲಸ. “ಮತ್ತೆ ನಾನೇ ಮಾಡಿದೆ ಅಂತೀರಲ್ಲ?” ಮನೆ ಕಟ್ಟಿದವರನ್ನು ಇಟ್ಟಿಗೆ ನೀವೇ ಸುಟ್ಟಿರಾ ಅಂತ ಯಾರಾದರೂ ಕೇಳುತ್ತಾರಾ?

ನಮ್ಮ ಭಾವ ಕೇಳಿ ಸುಮ್ಮನಾಗುವವರಲ್ಲ, ಕೈಯನ್ನೂ ಹಾಕಿದರು. ಮೇನ್ ಕ್ಯಾಪ್‌ಗಳನ್ನು, ಅಂದರೆ ಕ್ರ್ಯಾಂಕನ್ನು ಎಂಜಿನ್ ಬ್ಲಾಕಿಗೆ ಹಿಡಿದಿಡುವ ಮುಚ್ಚಳಗಳನ್ನು, ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿ, “ಎಷ್ಟು ಜಾಗ ಆಯ್ತು ನೋಡು” ಅಂದರು. ನೋಡೋಕೆ ಎಲ್ಲವೂ ಒಂದೇ ಥರ. ಆದರೆ ಫ್ಯಾಕ್ಟರಿಯಲ್ಲಿ ಕ್ಯಾಪ್‌ಗಳನ್ನು ಬ್ಲಾಕಿಗೆ ಬಿಗಿದ ಮೇಲೇ ಈ ತುದಿಯಿಂದ ಆ ತುದಿಗೆ ಒಂದೇ ನೇರಕ್ಕೆ ಬೋರ್ ಮಾಡಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ, ಅಥವಾ ಅದನ್ನೇ ತಿರುಗಿಸಿ ಹಾಕಿದರೆ, ಕ್ರ್ಯಾಂಕ್ ಬಿಗಿ ಹಿಡಿಯುತ್ತದೆ. ಬಿಚ್ಚುವ ಮೊದಲೇ ಪಂಚಿನಿಂದ ಚುಕ್ಕೆ ಹೊಡೆದಿದ್ದೆ, ಬಚಾವಾದೆ. ಭಾವನಿಗೆ ಈಗಲೂ ತಾವು ಉಪಕಾರ ಮಾಡಿದೆ ಅಂತಲೇ ಇದೆ.

ಮನೆಯಲ್ಲಿ ನಡೆಯುವ ಕೆಲಸ ಏನಪ್ಪಾ ಅಂದರೆ ತೊಳೆಯುವುದು, ಅಳೆಯುವುದು, ಜೋಡಿಸುವುದು. ತೊಳೆಯುವುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗ್ರೈಂಡ್ ಆಗಿ ಬಂದ ಕ್ರ್ಯಾಂಕಿನ ಎಣ್ಣೆ ತೂತುಗಳಲ್ಲಿ ಉಜ್ಜಿದ ಪುಡಿ ಕೂತಿರುತ್ತದೆ. ಉದ್ದನೆಯ ಬ್ರಶ್ ಹಾಕಿ ತಿಕ್ಕಿ, ಗಾಳಿ ಹೊಡೆದು, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ ಬಿಡಬಾರದು. ಇಲ್ಲದಿದ್ದರೆ ಆ ಪುಡಿ ನೇರ ಹೊಸ ಬೇರಿಂಗಿಗೇ ಹೋಗುತ್ತದೆ.

ಅಳೆಯುವುದರಲ್ಲಿ ನನಗೆ ಇಷ್ಟವಾದದ್ದು ಪ್ಲಾಸ್ಟಿಗೇಜ್. ಮೇಣದಂಥ ಸಣ್ಣ ಎಳೆ. ಒಣ ಜರ್ನಲ್ (ಕ್ರ್ಯಾಂಕ್ ಬೇರಿಂಗಿನಲ್ಲಿ ಕೂರುವ ದುಂಡನೆಯ ಭಾಗ) ಮೇಲೆ ಉದ್ದಕ್ಕೆ ಒಂದು ತುಂಡು ಇಟ್ಟು, ಎಷ್ಟು ಬಿಗಿಯಾಯ್ತು ಅಂತ ತೋರಿಸುವ ಟಾರ್ಕ್ ರೆಂಚಿನಿಂದ ಕ್ಯಾಪ್ ಬಿಗಿಯಬೇಕು. ಕ್ರ್ಯಾಂಕ್ ಅಲುಗಬಾರದು. ಕ್ಯಾಪ್ ಬಿಚ್ಚಿದರೆ ಎಳೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಅದರ ಅಗಲವನ್ನು ಜೊತೆಗೆ ಬಂದ ಅಳತೆ ಚೀಟಿಗೆ ಹಿಡಿದು ನೋಡಿದರೆ ಜರ್ನಲ್‌ಗೂ ಬೇರಿಂಗಿಗೂ ನಡುವಿನ ಸಂದಿ ಎಷ್ಟು ಅಂತ ತಿಳಿಯುತ್ತದೆ. ಅಗಲ ಜಾಸ್ತಿಯಾದಷ್ಟೂ ಸಂದಿ ಕಡಿಮೆ. 2 ಇಂಚಿನ ಜರ್ನಲ್‌ಗೆ ಸುಮಾರು 0.002 ಇಂಚು, ಅಂದರೆ 0.05 ಮಿಲಿಮೀಟರ್ ಸಂದಿ ಇರಬೇಕು. ಕೊನೆಯ ಮಾತು ಆ ಎಂಜಿನ್ನಿನ ಮ್ಯಾನ್ಯುಯಲ್‌ನದು.

ಆ ಸಂದಿ ಯಾಕೆ ಬೇಕು ಅಂತ ಒಬ್ಬರೂ ಕೇಳಲಿಲ್ಲ. ನಾನು ಕಾಯುತ್ತಿದ್ದದ್ದೇ ಅದಕ್ಕೆ!

1880ರ ದಶಕದಲ್ಲಿ ಬೋಷಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ಬೇರಿಂಗ್‌ಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಎಣ್ಣೆ ಬಿಡೋಕೆ ಅಂತ ಬೇರಿಂಗಿನ ಮೇಲೆ ತೂತು ಕೊರೆದ. ಶಾಫ್ಟ್ ತಿರುಗಿದರೆ ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೇ ಉಕ್ಕಿತು. ಮರದ ಬೆಣೆ ಹೊಡೆದರೆ ಅದನ್ನೂ ಹೊರಗೆ ತಳ್ಳಿತು. ತಿರುಗುವ ಶಾಫ್ಟೇ ಎಣ್ಣೆಯನ್ನು ಸಂದಿಯೊಳಗೆ ಎಳೆದುಕೊಂಡು, ಆ ಒತ್ತಡದ ಮೇಲೆ ತೇಲುತ್ತದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಲೆಕ್ಕವನ್ನೂ ಕೊಟ್ಟ. ನಿಮ್ಮ ಎಂಜಿನ್ನಿನ ಕ್ರ್ಯಾಂಕೂ ಓಡುವಾಗ ಹೀಗೇ, ಬಹುಪಾಲು ಎಣ್ಣೆಯ ಮೇಲೆ. ಪಂಪಿನ ಕೆಲಸ ಎಣ್ಣೆ ಒದಗಿಸುವುದು, ಭಾರ ಹೊರುವುದು ಆ ತೆಳು ಪದರ. ಸಂದಿ ಜಾಸ್ತಿಯಾದರೆ ಎಣ್ಣೆ ಪಕ್ಕದಿಂದ ಸೋರಿ ಪ್ರೆಶರ್ ಬೀಳುತ್ತದೆ, ಬಡಿತ ಶುರುವಾಗುತ್ತದೆ. ಕಡಿಮೆಯಾದರೆ ಪದರಕ್ಕೆ ಜಾಗವೇ ಇಲ್ಲ.

ಹಾಗಾಗಿ “ಇನ್ನೂ ಸ್ಟಾರ್ಟ್ ಮಾಡಿಲ್ವಾ?” ಅಂತ ಅವಸರ ಮಾಡಬೇಡಿ. ಎಲ್ಲ ಜೋಡಿಸಿದ ಮೇಲೂ ಎಂಜಿನ್ ಹೊತ್ತಿಕೊಳ್ಳದ ಹಾಗೆ ಸ್ಪಾರ್ಕ್ ಪ್ಲಗ್ ಕಳಚಿಟ್ಟು, ಮೊದಲು ಎಣ್ಣೆ ತಲುಪಲಿ ಅಂತ ಬರೀ ಸ್ಟಾರ್ಟರಿನಲ್ಲಿ ತಿರುಗಿಸುತ್ತೇನೆ. ಆಯಿಲ್ ಪ್ರೆಶರಿನ ಮುಳ್ಳು ಮೇಲೇಳಬೇಕು. ಅದು ಏಳುವವರೆಗೆ ಪ್ಲಗ್ ನನ್ನ ಜೇಬಿನಲ್ಲೇ ಇರುತ್ತದೆ, ಭಾವ ಬಂದು ಕೇಳಿದರೂ ಕೊಡುವುದಿಲ್ಲ.