ಗಾಡಿದು ಗ್ಯಾಸ್ಕೆಟ್ ತಿಂದಿದ್ದು ಬಿಸಲಲ್ಲ, ನಮ್ಮ ಬೋರಿನ ನೀರು

ಸೂಜಿ ಕೆಳಗ ಇಳೀತು ಅಂತ ನಾನು ಖುಷಿಪಟ್ಟಿದ್ದೆ ನೋಡ್ರಿ, ಅದೇ ತಪ್ಪಾಯ್ತು. ಮೂರು ವರ್ಷದ ಹಿಂದ ಮೇ ತಿಂಗಳು, ಗಾಣಗಾಪುರದಾಗ ದತ್ತನ ದರ್ಶನ ಮುಗಿಸಿ ಕಲಬುರಗಿಗೆ ವಾಪಸ್ ಬರ್ಲಿಕತ್ತಿದ್ವಿ, ಗಾಡ್ಯಾಗ ಅವ್ವ, ಹೆಂಡ್ತಿ, ಸಣ್ಣ ಮಗ, ಮಧ್ಯಾಹ್ನ ಎರಡೂವರಿ, ಕಿಟಕಿ ಕಾಜು ಮುಟ್ಟಿದ್ರ ಕೈ ಸುಡ್ತಿತ್ತು, ಏಸಿ ಫುಲ್ ಇಟ್ಟಿದ್ದೆ. ಚೌಡಾಪುರ ದಾಟಿದ ಮ್ಯಾಲ ಟೆಂಪರೇಚರ್ ಸೂಜಿ ಕೆಂಪು ಗೆರಿ ಹತ್ರ ಹೋಯ್ತು. ಏಸಿ ಬಂದ್ ಮಾಡಿ ನಿಧಾನ ಓಡಿಸಿದೆ, ಒಂದೆರಡು ಕಿಲೋಮೀಟರ್ ಆದಮ್ಯಾಲ ಸೂಜಿ ತಾನಾಗೇ ಪೂರಾ ಕೆಳಗ ಬಂತು. ಥಂಡಾ ಆಯ್ತು ಬಿಡು ಅಂದ್ಕೊಂಡು ಮತ್ತ ಜೋರು ಮಾಡ್ದೆ.

ಥಂಡಾ ಆಗಿರ್ಲಿಲ್ಲ, ಇಂಜಿನ್ ಥಂಡಾ ಇಡೋ ನೀರೇ ಖಾಲಿ ಆಗಿತ್ತು. ಸೆನ್ಸರ್ ನೀರಿನಾಗ ಮುಳುಗಿದ್ರನೇ ನೀರಿನ ಗರಂ ಹೇಳ್ತದ, ನೀರು ಹೋಗಿ ಬರೇ ಹವಾ ಉಳಿದ್ರ ಅದಕ್ಕ ಏನೂ ಗೊತ್ತಾಗಂಗಿಲ್ಲ, ಸೂಜಿ ಕೆಳಗ ಬೀಳ್ತದ. ಹಳೇ ಗಾಡಿ ಇದ್ದವ್ರು ಬ್ಯಾರೆ ಏನು ಮರೆತ್ರೂ ಇದೊಂದು ನೆನಪಿಡ್ರಿ, ಮ್ಯಾಲ ಹೋದ ಸೂಜಿ ದಿಢೀರ್ ಅಂತ ಕೆಳಗ ಬಂದ್ರ ಅಲ್ಲೇ ಸೈಡಿಗೆ ಹಾಕಿ ಇಂಜಿನ್ ಬಂದ್ ಮಾಡ್ರಿ. ನಾನು ಮಾಡ್ಲಿಲ್ಲ, ಇನ್ನೊಂದು ನಾಕು ಕಿಲೋಮೀಟರ್ ಆದಮ್ಯಾಲ ಇಂಜಿನ್ ತಾನೇ ನಿಂತು ಹೋಯ್ತು. ಅವ್ವ ಬೇವಿನ ಗಿಡದ ಕೆಳಗ ಕುಂತು, ಅಪ್ಪನ ಗಾಡಿ ಅದು, ನೀನೇ ರಿಪೇರಿ ಮಾಡ್ಸು, ಮಾರಬ್ಯಾಡ ಅಂದಳು.

ಗಾಡಿ ಅಂದ್ರ 1997ರ ಮಾರುತಿ 800, ಕಾರ್ಬುರೇಟರ್ ಮಾಡೆಲ್, ಮೂರು ಸಿಲಿಂಡರ್, 796 ಸಿಸಿ. 2014ರಾಗ ಕಂಪನಿ ಈ ಗಾಡಿ ಮಾಡೋದೇ ನಿಲ್ಲಿಸ್ತು, ಆದ್ರೂ ನಮ್ಮ ಊರಾಗ ಇನ್ನೂ ಓಡ್ತಾವ.

ಗ್ಯಾರೇಜಿನಾಗ ಹೆಡ್, ಅಂದ್ರ ಸಿಲಿಂಡರ್‌ಗಳ ಮ್ಯಾಲಿನ ಮುಚ್ಚಳದ ಭಾಗ, ಬಿಚ್ಚುವಾಗ ನಾನು ಪಕ್ಕದಾಗೇ ನಿಂತಿದ್ದೆ. ಗ್ಯಾಸ್ಕೆಟ್, ಅಂದ್ರ ಹೆಡ್ಡಿಗೂ ಕೆಳಗಿನ ಇಂಜಿನ್ನಿಗೂ ನಡುವ ಗ್ಯಾಸ್, ನೀರು ಸೋರದಂಗ ತಡಿಯೋ ತೆಳು ಹಾಳಿ, ಎರಡನೇ ಮತ್ತ ಮೂರನೇ ಸಿಲಿಂಡರ್ ನಡುವ, ಎಲ್ಲಿ ಅದು ಬೆರಳಿನಷ್ಟೂ ಅಗಲ ಇಲ್ಲೋ ಅಲ್ಲೇ ಸುಟ್ಟು ಕರ್ರಗ ಆಗಿತ್ತು. ಅದಕ್ಕಿಂತ ನನಗ ಹೆಚ್ಚು ಹೊಟ್ಟಿ ಉರಿಸಿದ್ದು ನೀರು ಓಡೋ ತೂತುಗಳು. ಎರಡು ತೂತು ಅರ್ಧಕ್ಕರ್ಧ ಮುಚ್ಚಿದ್ವು, ಒಳಗ ಬೂದು ಬಣ್ಣದ ಗಟ್ಟಿ ಪದರ, ಸ್ಕ್ರೂ ಡ್ರೈವರ್‌ಲಿಂದ ಕೆರದ್ರ ಹಕ್ಕಳಿ ಹಕ್ಕಳಿ ಕಳಚಿ ಬರ್ತಿತ್ತು. ಮನ್ಯಾಗ ಗೀಸರ್ ಕಾಯಿಲ್ ಮ್ಯಾಲ, ನೀರು ಕಾಸೋ ಹಂಡೇದ ತಳದಾಗ ಕೂಡೋ ಸುಣ್ಣ ಅದ ಅಲ್ಲ, ಅದೇ. ಹದಿನೈದು ವರ್ಷ ನಾವು ರೇಡಿಯೇಟರ್‌ಗೆ ಮನೀ ಬೋರ್ ನೀರೇ ಹಾಕ್ತಿದ್ವಿ, ಅಪ್ಪನೂ ಅದೇ ಮಾಡ್ತಿದ್ದ, ನಾನೂ ಅದೇ ಮಾಡ್ದೆ, ಬೇಸಿಗ್ಯಾಗ ವಾರಕ್ಕೊಮ್ಮೆ ಒಂದು ಚೊಂಬು. ಪ್ರತಿ ಚೊಂಬಿನಾಗ ಒಂದಿಷ್ಟು ಸುಣ್ಣ ಒಳಗ ಹೋಗಿ ಕುಂತದ.

ನಮ್ಮ ಜಿಲ್ಲಾದಾಗ ಸೇಡಂ, ಚಿತ್ತಾಪುರ, ವಾಡಿ ಕಡೆ ಇಷ್ಟು ಸಿಮೆಂಟ್ ಫ್ಯಾಕ್ಟರಿ ಯಾಕ ಅವ? ನೆಲದಾಗ ಸುಣ್ಣದ ಕಲ್ಲು ಅದ. ಮನ್ಯಾಗ ಹಾಸಿದ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಇಂಥ ನೆಲದ ನೀರು ಗಡಸು ಇರ್ದೆ ಇನ್ನೇನು ಇರ್ತದ, ಬ್ಯಾಳಿ ಬೇಯಂಗಿಲ್ಲ ಅಂತ ಹೆಣ್ಮಕ್ಕಳು ಬೋರ್ ನೀರು ಬಿಟ್ಟು ಫಿಲ್ಟರ್ ನೀರು ಹಾಕ್ತಾರ, ನಾವು ಅದೇ ಬೋರ್ ನೀರು ಇಂಜಿನ್ನಿಗೆ ಕುಡಿಸ್ತೀವಿ. ಗರಂ ಆದ ಕಡೆನೇ ಸುಣ್ಣ ಮೊದಲು ಕೂಡ್ತದ, ಅಂದ್ರ ಸಿಲಿಂಡರ್ ಸುತ್ತ ಮತ್ತ ಹೆಡ್ಡಿನ ಒಳಗ, ಅಲ್ಲೇ ಥಂಡಾ ಆಗೋದು ಎಲ್ಲಕ್ಕಿಂತ ಹೆಚ್ಚು ಬೇಕಾಗಿರ್ತದ. ಆ ಪದರ ಶಾಖಾ ದಾಟಿಸಿಕೊಡಂಗಿಲ್ಲ, ಹಿಂಗಾಗಿ ಹೆಡ್ಡಿನ ಒಂದು ಜಾಗ ಉಳಿದ ಕಡೆಗಿಂತ ಹೆಚ್ಚು ಕಾಯ್ತದ, ಹೆಡ್ ಅಲ್ಯೂಮಿನಿಯಂದು, ಕಾದ್ರ ಹಿಗ್ತದ, ಬೋಲ್ಟ್ ಅದನ್ನ ಹಿಗ್ಲಿಕ್ಕ ಬಿಡಂಗಿಲ್ಲ, ಕಡೀಕ ಸೊಟ್ಟ ಆಗ್ತದ. ಹೆಡ್ ಸೊಟ್ಟ ಆದಮ್ಯಾಲ ನಡುವ ಇರೋ ಗ್ಯಾಸ್ಕೆಟ್ ಎಷ್ಟು ದಿನ ತಡೀತದ ಹೇಳ್ರಿ.

ಅದಕ್ಕ ಈಗ ನಮ್ಮ ಗಾಡಿಗೆ ಬೋರ್ ನೀರು ಒಂದು ಹನಿ ಹಾಕಂಗಿಲ್ಲ. ಬ್ಯಾಟರಿ ಅಂಗಡ್ಯಾಗ ಡಿಸ್ಟಿಲ್ಡ್ ವಾಟರ್ ಕ್ಯಾನ್ ಸಿಗ್ತದ, ಕೂಲಂಟ್ ಕಾನ್ಸಂಟ್ರೇಟ್ ತಗೊಂಡು ಅರ್ಧಕ್ಕರ್ಧ ಅದರಾಗ ಕಲಸ್ತೀನಿ. ಕೂಲಂಟ್ ಥಂಡಿ ದೇಶದವ್ರಿಗೆ, ನಮಗ್ಯಾಕ ಅಂತ ಭಾಳ ಮಂದಿ ಕೇಳ್ತಾರ. ನೀರು ಹೆಪ್ಪುಗಟ್ಟಬಾರದು ಅನ್ನೋದು ಅದರ ಒಂದು ಕೆಲಸ ಅಷ್ಟೇ, ಅದರಾಗ ತುಕ್ಕು ತಡಿಯೋ ಔಷಧ ಇರ್ತದ, ಕುದಿಯೋ ಮಟ್ಟಾನೂ ಮ್ಯಾಲ ಹೋಗ್ತದ. ಆ ಔಷಧಕ್ಕ ಆಯಸ್ಸು ಅದ, ಹಸಿರು ಕೂಲಂಟ್ ಆದ್ರ ಎರಡು ವರ್ಷಕ್ಕೊಮ್ಮೆ ಪೂರಾ ತೆಗೆದು ಹೊಸಾದು ಹಾಕ್ಬೇಕು, ಮ್ಯಾಲ ಮ್ಯಾಲ ತುಂಬಿಸ್ಕೋತ ಹೋದ್ರ ನಡಿಯಂಗಿಲ್ಲ. ತುಂಬಿಸೋವಾಗ ಒಳಗ ಹವಾ ಸಿಗಬೀಳ್ತದ, ಕ್ಯಾಪ್ ತೆಗೆದಿಟ್ಟು ಥಂಡಾ ಇಂಜಿನ್ ಶುರು ಮಾಡಿ ಗುಳ್ಳಿ ಬರೋದು ನಿಲ್ಲೋತನ ನಿಧಾನ ತುಂಬಿಸ್ರಿ.

ಕ್ಯಾಪ್ ಅಂದ್ಕೂಡ್ಲೇ ಹೇಳ್ಬೇಕು, ರೇಡಿಯೇಟರ್ ಕ್ಯಾಪ್ ಬರೇ ಮುಚ್ಚಳ ಅಲ್ಲ. 0.9 ಅಂತ ಬರ್ದಿದ್ರ ಅಷ್ಟು ಪ್ರೆಶರ್ ಹಿಡಿದಿಡ್ತದ ಅಂತ ಅರ್ಥ, ಆ ಪ್ರೆಶರಿನಾಗ ಬರೇ ನೀರು ಸುದ್ದಾ 118 ಡಿಗ್ರಿ ಹತ್ರ ಹೋಗೋತನ ಕುದಿಯಂಗಿಲ್ಲ. ಕ್ಯಾಪಿನ ರಬ್ಬರ್ ಒಣಗಿ ಸೀಳಿದ್ರ ನೂರಕ್ಕೇ ಕುದಿ ಶುರು. ಗಾಡಿ ಥಂಡಾ ಆದಮ್ಯಾಲ ಮ್ಯಾಲಿನ ಹೋಸ್ ಪೈಪ್ ಚಪ್ಪಟಿ ಆಗಿ ಒಳಗ ಜಗ್ಗಿದ್ರ ಕ್ಯಾಪಿನ ನಡುವಿನ ಸಣ್ಣ ವಾಲ್ವ್ ಕಚ್ಚಿಕೊಂಡದ ಅಂತ ತಿಳ್ಕೋರಿ. ಸಣ್ಣ ಖರ್ಚಾ, ಬದಲಿಸಿ ಬಿಡ್ರಿ.

ಇನ್ನ ಥರ್ಮೋಸ್ಟಾಟ್, ಅಂದ್ರ ಇಂಜಿನ್ ಗರಂ ಆಗೋತನ ನೀರು ರೇಡಿಯೇಟರ್ ಕಡೆ ಹೋಗದಂಗ ತಡಿಯೋ ವಾಲ್ವ್. ನಮ್ಮ ಕಡೆ ಮಿಸ್ತ್ರಿಗಳಿಗೆ ಇದರ ಮ್ಯಾಲ ಯಾಕೋ ಭಾಳ ಸಿಟ್ಟು, ಇಲ್ಲಿ ಬಿಸಲಿಗೆ ಇದು ಬ್ಯಾಡ ಅಂತ ತೆಗೆದು ಒಗೀತಾರ, ನಂದೂ ಯಾವಾಗೋ ಒಬ್ರು ಒಗೆದಿದ್ರು. ಅದಿಲ್ದೇ ಇಂಜಿನ್ ಬರೋಬರಿ ಗರಂ ಆಗೋದು ತಡಾ ಆಗ್ತದ, ಪೆಟ್ರೋಲ್ ಹೆಚ್ಚು ಕುಡೀತದ, ಸವೆತಾನೂ ಹೆಚ್ಚು. ಕೆಲವು ಇಂಜಿನ್ನಿನಾಗ ಅದು ಇಲ್ಲಾಂದ್ರ ನೀರು ರೇಡಿಯೇಟರ್ ಕಡೆ ಹೋಗ್ದೇ ಬೈಪಾಸ್ ದಾರ್ಯಾಗೇ ಸುತ್ತತದ, ಆವಾಗ ಉಲ್ಟಾ ಹೆಚ್ಚು ಗರಂ. ಹೊಸಾದು ತಂದು ಹಾಕೋ ಮೊದಲು ಅಡಗಿ ಮನ್ಯಾಗ ನೋಡ್ದೆ, ಪಾತೇಲಿ ನೀರಿನಾಗ ದಾರಕ್ಕ ಕಟ್ಟಿ ತಳಕ್ಕ ತಾಗದಂಗ ಇಳಿಬಿಟ್ಟು, ಪಕ್ಕದಾಗ ಥರ್ಮಾಮೀಟರ್ ಇಟ್ಟು ಗ್ಯಾಸ್ ಹಚ್ಚಿದೆ. ಅದರ ಮ್ಯಾಲ 82 ಅಂತ ಹೊಡೆದಿತ್ತು. ಎಂಬತ್ತರತನ ಗಪ್‌ಚುಪ್ ಇತ್ತು, ಎಂಬತ್ತೆರಡು ದಾಟಿದ್ಕೂಡ್ಲೇ ನಡುವಿನ ತಾಟು ಕೂದಲೆಳೆ ಬಿರಿಬಿಟ್ಟು ನಿಧಾನ ಮ್ಯಾಲೆದ್ದು ಬಂತು, ಒಳಗಿನ ಮೇಣ ಕರಗಿ ತಳ್ಳೋದು ಅದು, ಗ್ಯಾಸ್ ಬಂದ್ ಮಾಡಿದ್ರ ಹಂಗೇ ವಾಪಸ್ ಕುಂತ್ಕೊಂತು. ಮಗ ಮೂರು ಸಲ ಮಾಡಿಸಿ ನೋಡ್ದ.

ರೇಡಿಯೇಟರ್ ಹೊರಗಿಂದೂ ನೋಡ್ರಿ. ತೊಗರಿ ರಾಶಿ ಟೈಮಿನಾಗ ನಮ್ಮ ಕಡೆ ರೋಡಿನ ಮ್ಯಾಲೇ ಬೆಳಿ ಹಾಸಿರ್ತಾರ, ಹೊಟ್ಟು ಧೂಳು ಎಲ್ಲಾ ಹೋಗಿ ಜಾಳಗಿಯಾಗ ಕೂಡ್ತದ, ಏಸಿ ಇದ್ರ ಏಸಿ ಜಾಳಗಿ ಮತ್ತ ರೇಡಿಯೇಟರ್ ನಡುವ ಗೂಡು ಕಟ್ಟಿದಂಗ ಆಗಿರ್ತದ. ಇಂಜಿನ್ ಕಡೆಯಿಂದ ಮುಂದಕ್ಕ ಸಣ್ಣ ಧಾರೇಲೆ ನೀರು ಬಿಡ್ರಿ, ಸರ್ವಿಸ್ ಸೆಂಟರಿನ ಜೋರು ಪ್ರೆಶರ್ ಬ್ಯಾಡ, ಜಾಳಗಿ ಮಲಗಿ ಹೋಗ್ತದ. ಫ್ಯಾನ್ ತಾನಾಗೇ ಶುರು ಆಗ್ತದೋ ಇಲ್ಲೋ ಮನೀ ಮುಂದ ಗಾಡಿ ನಿಲ್ಲಿಸಿ ಒಮ್ಮೆ ಕಾದು ನೋಡ್ರಿ. ಲೀಕ್ ಆದ್ರ ಅರಿಶಿಣ ಹಾಕೋ ಮಂದಿ ಇನ್ನೂ ಅದಾರ, ಅದು ಲೀಕಿನ ತೂತು ಹುಡುಕ್ಕೊಂಡು ಹೋಗಂಗಿಲ್ಲ, ರೇಡಿಯೇಟರಿನ ಸಣ್ಣ ನಳಿಗಿ ಎಲ್ಲಾ ಮುಚ್ಚತದ, ದಯವಿಟ್ಟು ಹಾಕಬ್ಯಾಡ್ರಿ.

ಏರಿ ಹತ್ತುವಾಗ ಇಂಜಿನ್ ಕಟಕಟ ಅಂದ್ರ ಅದನ್ನೂ ಬಿಡಬ್ಯಾಡ್ರಿ. ಟೈಮಿಂಗ್ ಮುಂದ ಇದ್ರ, ಅಂದ್ರ ಕಿಡಿ ಬೇಗ ಹತ್ತಿದ್ರ, ಇಲ್ಲಾ ಹವಾ-ಪೆಟ್ರೋಲ್ ಮಿಕ್ಸ್ಚರ್‌ನಾಗ ಪೆಟ್ರೋಲ್ ಕಡಿಮಿ ಇದ್ರ ಹಂಗ ಹೊಡೀತದ, ಪ್ರತಿ ಹೊಡೆತ ಗ್ಯಾಸ್ಕೆಟ್ಟಿನ ಸಿಲಿಂಡರ್ ಸುತ್ತಿನ ರಿಂಗಿಗೇ ಬೀಳ್ತದ.

ಹೆಡ್ ಬಿಚ್ಚೋ ಪಾಳಿ ಬಂದೇ ಬಿಟ್ರ, ಫೇಸಿಂಗ್, ಅಂದ್ರ ಹೆಡ್ಡಿನ ತಳ ಸಪಾಟ ಅದೋ ಇಲ್ಲೋ, ನೋಡ್ದೇ ಹೊಸ ಗ್ಯಾಸ್ಕೆಟ್ ಹಾಕ್ಸಬ್ಯಾಡ್ರಿ. ನೆಟ್ಟನ ಪಟ್ಟಿ ಇಟ್ಟು ಕೆಳಗ ಫೀಲರ್ ಗೇಜ್, ಅಂದ್ರ ಅಳತಿ ಬರೆದ ತೆಳು ಲೋಹದ ಎಲಿಗಳು, ಹಾಕ್ತಾರ, 0.05 ಮಿಲಿಮೀಟರ್‌ಗಿಂತ ದಪ್ಪನ ಎಲಿ ಹೋಯ್ತು ಅಂದ್ರ ಸಾಮಾನ್ಯವಾಗಿ ಹೆಡ್ ಗ್ರೈಂಡಿಂಗ್‌ಗೆ ಕಳಿಸ್ಬೇಕು. ಮೊದಲನೇ ಗ್ಯಾರೇಜಿನಾಗ ನಂದು ಅಳತಿ ಮಾಡ್ದೇ ಹಾಕಿದ್ರು, ಎರಡು ತಿಂಗಳಿಗೆ ಮತ್ತ ಹೋಯ್ತು. ಎರಡನೇ ಸಲ ಟಾರ್ಕ್ ವ್ರೆಂಚ್, ಅಂದ್ರ ಬೋಲ್ಟ್ ಬೇಕಾದಷ್ಟು ಬಿಗಿ ಆಯ್ತು ಅಂತ ಹೇಳೋ ಪಾನಾ, ಇದ್ದ ಮಿಸ್ತ್ರಿನ್ನ ಹುಡುಕ್ದೆ. ಅವರು ಬೋಲ್ಟ್ ತೂತಿನಾಗಿನ ಎಣ್ಣಿ, ನೀರು ಎಲ್ಲಾ ಹವಾ ಹೊಡೆದು ಒಣಗಿಸಿದ್ರು, ನಡುವಿನ ಬೋಲ್ಟಿನಿಂದ ಶುರು ಮಾಡಿ ಅಂಚಿನ ಕಡೆ ಸುತ್ತಕೋತ, ಒಂದೇ ಸಲ ಬಿಗಿ ಮಾಡ್ದೇ ಮೂರು ಸುತ್ತಿನಾಗ ಬಿಗಿ ಮಾಡಿದ್ರು, ಪ್ರತಿ ಬೋಲ್ಟಿಗೂ ಟಕ್ ಅಂತ ಸಪ್ಪಳ ಬರೋತನ. ಆ ಸಪ್ಪಳ ಕೇಳಿ ನನಗ ಅವತ್ತೇ ಸಮಾಧಾನ ಆಯ್ತು.

ಈಗ ವಾರಕ್ಕೊಮ್ಮೆ, ರವಿವಾರ ಮುಂಜಾನಿ, ಇಂಜಿನ್ ಥಂಡಾ ಇದ್ದಾಗ ಬಾನೆಟ್ ತೆಗೀತೀನಿ. ನೀರು ಕಡಿಮಿ ಆಗ್ಯಾದೇನು, ಆಗಿದ್ರ ಹೊರಗ ಎಲ್ಲೂ ಲೀಕ್ ಕಾಣದೇ ಎಲ್ಲಿ ಹೋಯ್ತು, ಆಯಿಲ್ ಕ್ಯಾಪಿನ ಒಳಗ ಹಾಲು ಚಾ ಬಣ್ಣದ ನೊರಿ ಅದೇನು, ಇದ್ರ ಆಯಿಲ್ಲಿನಾಗ ನೀರು ಸೇರಿರಬಹುದು. ಮಳಿಗಾಲದಾಗ ಬರೇ ಸಣ್ಣ ಸಣ್ಣ ಓಡಾಟ ಇದ್ರ ತೇವಕ್ಕ ಜರಾ ನೊರಿ ಬರ್ತದ, ಅದಕ್ಕ ಗಾಬರಿ ಆಗಬ್ಯಾಡ್ರಿ, ಆದ್ರ ಆಯಿಲ್ ಅಳಿಯೋ ಕಡ್ಡಿ, ಅಂದ್ರ ಡಿಪ್‌ಸ್ಟಿಕ್ಕಿನಾಗೂ ಅದೇ ಬಣ್ಣ ಇದ್ರ ಗಾಡಿ ತೆಗೀಬ್ಯಾಡ್ರಿ. ಥಂಡಾ ಗಾಡಿ ಶುರು ಮಾಡಿ ಒಂದು ನಿಮಿಷದಾಗೇ ಮ್ಯಾಲಿನ ಹೋಸ್ ಕಲ್ಲಿನಂಗ ಗಟ್ಟಿ ಆದ್ರ ಗ್ಯಾಸ್ಕೆಟ್ ದಾಟಿ ಇಂಜಿನ್ ಸಿಲಿಂಡರಿನ ಗ್ಯಾಸ್ ನೀರಿನಾಗ ಸೇರ್ಲಿಕತ್ತದ ಅಂತ ಅರ್ಥ.

ದಾರ್ಯಾಗ ಸೂಜಿ ಏರ್ಲಿಕತ್ರ ಏಸಿ ಬಂದ್ ಮಾಡಿ ಹೀಟರ್ ಫುಲ್ ಬಿಡ್ರಿ, ಬೇಸಿಗ್ಯಾಗ ಅದು ನರಕನೇ, ಆದ್ರ ಅದೊಂದು ಸಣ್ಣ ರೇಡಿಯೇಟರ್ ಇದ್ದಂಗ, ಇಂಜಿನ್ನಿನ ಗರಂ ಒಳಗ ಎಳಕೋತದ, ಗಾಡಿ ಸೈಡಿಗೆ ಹಾಕೋತನ ಉಪಯೋಗ ಆಗ್ತದ. ಕ್ಯಾಪ್ ಮುಟ್ಟಬ್ಯಾಡ್ರಿ, ಮುಖ ಸುಡ್ತದ. ಅರ್ಧ ಗಂಟಿ ಮ್ಯಾಲೇ ಬೇಕಾಗ್ತದ ಕಾಯ್ಲಿಕ್ಕ, ಕಾಯ್ರಿ, ಕಾದ ಇಂಜಿನ್ನಿಗೆ ಥಂಡಾ ನೀರು ಸುರುವಿದ್ರ ಹೆಡ್ ಬಿರಕ್ ಬಿಡ್ತದ.

ಹೋದ ತಿಂಗಳು ಹುಮನಾಬಾದ್ ಮ್ಯಾಲಿಂದ ಬೀದರಿಗೆ ಹೋಗಿ ಬಂದ್ವಿ, ಅವ್ವನೂ ಇದ್ದಳು. ಹೋಗ್ತಾ ಬರ್ತಾ ಸೂಜಿ ಅರ್ಧಕ್ಕಿಂತ ಜರಾ ಕೆಳಗೇ ನಿಂತಿತ್ತು. ಮರುದಿನ ಮುಂಜಾನಿ ಕ್ಯಾಪ್ ತೆಗೆದು ಟಾರ್ಚ್ ಹಾಕಿ ನೋಡ್ದೆ, ನೀರು ಕುತ್ತಿಗಿತನ ಇತ್ತು, ತಿಳಿ ಹಸಿರು, ಒಳಗಿನ ಹಿತ್ತಾಳಿ ನಳಿಗಿಗಳ ಬಾಯಿ ಒಂದೊಂದೂ ಕಾಣ್ತಿದ್ವು.