ನೀಲಿ ಹೋಯ್ತು ಅಂತ ಕುಣಿದಿದ್ದೇ ದಂಡ

ಟಿಎನ್‌ಟಿ ಎಂಬ ಸ್ಫೋಟಕ ಬೆರೆತ ನೀರನ್ನು ಕರೆಂಟಿನಿಂದ ಶುದ್ಧ ಮಾಡೋದು ಹೇಗೆ ಅಂತ ಮನೆಯಲ್ಲೇ ಒಂದು ಜಾರ್‌ನಲ್ಲಿ ನೀಲಿ ಬಣ್ಣ ಕರಗಿಸಿ ಪ್ರಯೋಗ ಮಾಡ್ತಿದ್ದೇನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಜಾರ್‌ನ ನೀಲಿ ಪೂರ್ತಿ ಮಾಯವಾಗಿತ್ತು. ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ‘ಗೆದ್ದೆ’ ಅಂತ ಬರೆದು ಮಲಗಿದೆ. ಬೆಳಿಗ್ಗೆ ನೋಡಿದರೆ ನೀರಿನ ಮೇಲ್ಗಡೆ ಒಂದು ಬೆರಳು ದಪ್ಪದ ನೀಲಿ ಪಟ್ಟಿ, ಕೆಳಗೆ ತಿಳಿನೀರು. ಮುಚ್ಚಳ ಬಿಗಿದು ಎರಡು ಸಲ ಕುಲುಕಿದೆ. ಇಡೀ ಜಾರ್ ಮತ್ತೆ ನೀಲಿ!

ನನ್ನ ಆಟದಲ್ಲಿ ಟಿಎನ್‌ಟಿಯ ವೇಷ ಹಾಕುವುದು ಮೆಥಿಲೀನ್ ಬ್ಲೂ ಎಂಬ ಆ ನೀಲಿ ಬಣ್ಣ. ಅಸಲಿ ಸರಕು ಮನೆಗೆ ತರುವ ಮಾತೇ ಇಲ್ಲ. ಯೋಜನೆ ಎಲೆಕ್ಟ್ರೋ-ಫೆಂಟನ್: ಕಂಬಳಿಯಂಥ ಕಾರ್ಬನ್ ಫೆಲ್ಟಿನ ಕ್ಯಾಥೋಡಿನಲ್ಲಿ (ಋಣ ತುದಿ) ಆಮ್ಲಜನಕದಿಂದ ಪೆರಾಕ್ಸೈಡ್ ಹುಟ್ಟಬೇಕು, ಚಿಟಿಕೆ ಕಬ್ಬಿಣ ಅದನ್ನು ಒಡೆದು, ಬಣ್ಣವನ್ನು ಚೂರುಚೂರು ಮಾಡುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಕೊಡಬೇಕು. ನಾನು ಜಾಣತನ ಮಾಡಿ ಆನೋಡನ್ನು (ಧನ ತುದಿ) ಮಣ್ಣಿನ ಕುಡಿಕೆಯೊಳಗೆ ಇಟ್ಟಿದ್ದೆ. ಆನೋಡಿನ ಆಮ್ಲ ಕುಡಿಕೆಯೊಳಗೇ ಉಳಿದರೆ ಕ್ಯಾಥೋಡ್ ಕಡೆಯ ಪಿಎಚ್ (ಆಮ್ಲ-ಕ್ಷಾರದ ಅಳತೆ) ಹಿಡಿಯುವವರೇ ಇಲ್ಲ. 3ರಲ್ಲಿ ಶುರುವಾದದ್ದು 9 ದಾಟಿ, ಕಬ್ಬಿಣವೆಲ್ಲ ತುಕ್ಕಿನ ಕೆಸರಾಗಿ ತಳ ಸೇರಿತ್ತು. ಕೆಸರು ಕಂಡಿತ್ತು, ಸುಮ್ನೆ ಬಿಟ್ಟಿದ್ದೆ. ಸಾಲದ್ದಕ್ಕೆ ಗಾಳಿ ಊದುವ ಅಕ್ವೇರಿಯಂ ಪಂಪಿನ ಪೈಪು ಯಾವಾಗಲೋ ಕಳಚಿತ್ತು.

ಆಮ್ಲಜನಕ ಸಿಗದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಬಣ್ಣಕ್ಕೇ ಕೊಟ್ಟಿತು. ಮೆಥಿಲೀನ್ ಬ್ಲೂ ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ಇಳಿಯಿತು, ಗಾಳಿ ತಾಕಿದ್ದೇ ತಡ ವಾಪಸ್ ಬಂತು. ಎಲೆಕ್ಟ್ರಾನ್ ಕೀಳುವ ಆಕ್ಸಿಡೇಶನ್ ಮಾಡ್ತೀನಿ ಅಂತ ಹೊರಟವನು ರಾತ್ರಿಯಿಡೀ ಎಲೆಕ್ಟ್ರಾನ್ ತುಂಬುವ ರಿಡಕ್ಷನ್ ಮಾಡಿದ್ದೆ.

ನಗು ಬಂದರೂ ವಿಷಯ ಚಿಕ್ಕದಲ್ಲ. ಟಿಎನ್‌ಟಿಯಲ್ಲಿ ಮೂರು ನೈಟ್ರೋ ಗುಂಪುಗಳು ಎಲೆಕ್ಟ್ರಾನುಗಳನ್ನು ತಮ್ಮ ಕಡೆ ಎಳೆದುಕೊಂಡಿರುತ್ತವೆ. ಅಣುವಿನ ಇಂಗಾಲದ ಉಂಗುರವನ್ನು ಆಕ್ಸಿಡೈಸ್ ಮಾಡುವುದು ಕಷ್ಟ, ರಿಡಕ್ಷನ್‌ನಿಂದ ನೈಟ್ರೋವನ್ನು ಅಮೈನ್ ಎಂಬ ಬೇರೆ ಗುಂಪಾಗಿಸುವುದು ಸುಲಭ. ಅಂದರೆ ಅಸಲಿ ನೀರಿನಲ್ಲೂ ಕ್ಯಾಥೋಡ್ ಇದೇ ಮೋಸ ಮಾಡಬಹುದು: ಟಿಎನ್‌ಟಿ ಲೆಕ್ಕದಿಂದ ಹೋಯಿತು, ವಿಷಕಾರಿ ಅಮೈನ್ ಉಳಿಯಿತು. ಮದ್ದುಗುಂಡು ಕಾರ್ಖಾನೆಯ ‘ಗುಲಾಬಿ ನೀರು’ (ಟಿಎನ್‌ಟಿ ಬೆರೆತ ತ್ಯಾಜ್ಯ ನೀರು) ತಿಳಿಯಾಯಿತು ಅಂದ ಮಾತ್ರಕ್ಕೆ ನಂಬೋ ಹಾಗಿಲ್ಲ, ಅಲ್ವಾ?

ಎರಡನೇ ಸುತ್ತಿಗೆ ಕುಡಿಕೆ ಕಿತ್ತೆ, ಗಾಳಿಕಲ್ಲನ್ನು ಫೆಲ್ಟಿನ ಕೆಳಗೇ ಕೂರಿಸಿದೆ. ಪೆರಾಕ್ಸೈಡ್ ಅಳೆಯುವ ಪರೀಕ್ಷಾ ಪಟ್ಟಿ ಆಗಲೂ ಸೊನ್ನೆ! ಫೆಲ್ಟ್ ಎತ್ತಿ ನೋಡಿದರೆ ಒಳಗೆ ಒಣಗಿಯೇ ಇತ್ತು, ಹನಿಗಳು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳುತ್ತಿದ್ದವು. ಇದಕ್ಕೆ ‘ನೇರವಾಗಿ ಬಳಸಿ’ ಅಂತ ಲೇಬಲ್ ಹಚ್ಚಿ ಕಳಿಸಿದ್ದ ನಮ್ಮ ಅಂಗಡಿಯ ಮಹಾನುಭಾವ. ಹಿಂದಿನ ಸಲ ಆಕ್ಸೈಡ್ ಲೇಪದ ಟೈಟಾನಿಯಂ ಜಾಲರಿ ಕೇಳಿದ್ದಕ್ಕೆ ಬೋಳು ಟೈಟಾನಿಯಂ ಕಳಿಸಿದ್ದ. ಆನೋಡಾಗಿ ಹಾಕಿದ ಸ್ವಲ್ಪ ಹೊತ್ತಿಗೇ ಅದು ತನ್ನದೇ ಆಕ್ಸೈಡ್ ಹೊದ್ದು ಕರೆಂಟ್ ನಿಲ್ಲಿಸಿಬಿಟ್ಟಿತ್ತು. ಕೇಳಿದರೆ ‘ಒಳ್ಳೆ ಮಾಲು ಸಾರ್’ ಅಂತಾನೆ.

ಫೆಲ್ಟನ್ನು ಭಟ್ಟಿಯಲ್ಲಿ 400 ಡಿಗ್ರಿಗೆ ಕೆಲವು ಗಂಟೆ ಕಾಯಿಸಿದೆ. ಈಗ ನೀರು ಗಟಗಟ ಕುಡಿಯುತ್ತದೆ. ಪೆರಾಕ್ಸೈಡ್ ಪಟ್ಟಿ ನೀಲಿಗೆ ತಿರುಗಿತು, ಈ ನೀಲಿ ನೋಡಿ ಮಾತ್ರ ಖುಷಿಯಾಯಿತು. ಮೂರು ಗಂಟೆಗೆ ಜಾರ್ ತಿಳಿಯಾಯಿತು. ಕುಲುಕಿದೆ. ರಾತ್ರಿ ಮುಚ್ಚಳ ತೆಗೆದಿಟ್ಟೆ. ಬೆಳಿಗ್ಗೆ ಮತ್ತೆ ಕುಲುಕಿದೆ. ನೀಲಿ ವಾಪಸ್ ಬರಲಿಲ್ಲ. ಬಣ್ಣದ ಅಣು ಒಡೆದ ತುಂಡುಗಳು ನೀರಿನಲ್ಲಿ ಎಷ್ಟು ಉಳಿದಿವೆ ಅನ್ನೋದಕ್ಕೆ ಸಿಒಡಿ ಕಿಟ್ (ನೀರಿನ ಸಾವಯವ ಕೊಳೆ ಅಳೆಯುವ ಕಿಟ್) ಬರಬೇಕು. ‘ಗೆದ್ದೆ’ಯನ್ನು ಹೊಡೆದುಹಾಕಿ ‘ನೋಡೋಣ’ ಅಂತ ತಿದ್ದಿದ್ದೇನೆ.

ನೀರಾಯಿತು, ಮುಂದಿನದು ಟಿಎನ್‌ಟಿ ಸೇರಿದ ಮಣ್ಣಿನ ಸರದಿ. ಟಬ್ಬಿನಲ್ಲಿ ಜೇಡಿ ತುಂಬಿ ಎರಡು ತುದಿಗೆ ಎಲೆಕ್ಟ್ರೋಡ್ ನೆಟ್ಟರೆ ನೀರು ನಿಧಾನಕ್ಕೆ ಕ್ಯಾಥೋಡ್ ಕಡೆ ಸರಿಯುತ್ತದೆ, ಕರಗಿದ್ದನ್ನೂ ಹೊತ್ತುಕೊಂಡು. ಆದರೆ ಮೆಥಿಲೀನ್ ಬ್ಲೂ ಧನ ಚಾರ್ಜಿನದು, ಜೇಡಿಗೆ ಅಂಟಿಕೊಂಡರೆ ಜಪ್ಪಯ್ಯ ಅಂದರೂ ಬಿಡಲ್ಲ. ಟಿಎನ್‌ಟಿಗೆ ಚಾರ್ಜೇ ಇಲ್ಲ. ವೇಷಧಾರಿಯನ್ನೇ ಬದಲಿಸಬೇಕು. ಟಬ್ ಅಂತೂ ತೊಳೆದಿಟ್ಟಿದ್ದೇನೆ.