ಎಷ್ಟು ವರ್ಷ ಗ್ಯಾರಂಟಿ?

ನನ್ನ ಚಪ್ಪೆಗೆ, ಅಂದರೆ ತೊಡೆ ಸೊಂಟಕ್ಕೆ ಸೇರೋ ಕಡೆ, ಹಾಕಿದ ಕೀಲಿಗೆ ಕೊಟ್ಟಿಲ್ಲ. ಕಾರ್ಡೂ ಇಲ್ಲ, ಸೀಲೂ ಇಲ್ಲ. ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಗಂಗಾವತಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನನ್ನು ಜನ ಇಷ್ಟಕ್ಕೇ ಬಿಡಲ್ಲ.

2013ರಲ್ಲಿ, ನನಗೆ 44 ಆಗಿದ್ದಾಗ, ಬಲಗಡೆ ಚಪ್ಪೆಯ ಕೀಲು ಬದಲಾಯಿಸಿದರು. ಡಾಕ್ಟರ ಬಾಯಲ್ಲಿ ಹಿಪ್ ರಿಪ್ಲೇಸ್‌ಮೆಂಟ್, ನಮ್ಮ ಓಣಿಯವರ ಬಾಯಲ್ಲಿ 'ಬಾಲ್ ಹಾಕಿಸ್ಯಾನ'. ತೊಡೆ ಮೂಳೆಯ ತಲೆಗೆ ರಕ್ತ ಹೋಗೋದು ನಿಂತು, ಮೂಳೆ ಒಳಗೊಳಗೇ ಸತ್ತು ಕುಸಿದಿತ್ತು. ಜಾಸ್ತಿ ಕುಡಿದರೆ ಹೀಗಾಗುತ್ತೆ, ಸ್ಟೀರಾಯ್ಡ್ ಮಾತ್ರೆಯಿಂದಲೂ ಆಗುತ್ತೆ. ನನ್ನದು ಎರಡನೆಯದು, ಚರ್ಮದ ಕಾಯಿಲೆಗೆ ತಿಂಗಳುಗಟ್ಟಲೆ ನುಂಗಿದ್ದೆ. ಮೊದಲನೆಯದು ಅಂತ ಊರಲ್ಲಿ ಹೇಳಿಕೊಂಡು ಬಂದವರು ಯಾರ್ಯಾರು ಅಂತಲೂ ನನಗೆ ಗೊತ್ತಿದೆ.

ಅವತ್ತಿಂದ ಒಂದೇ ಪ್ರಶ್ನೆ. ಮದುವೆ ಊಟದಲ್ಲಿ ಕೇಳುತ್ತಾರೆ, ಸಾವಿನ ಮನೆಯಲ್ಲೂ ಕೇಳುತ್ತಾರೆ. ಒಬ್ಬರು 'ಲೈಫ್ ಎಷ್ಟು' ಅಂತಾರೆ, ಇನ್ನೊಬ್ಬರು 'ಸರ್ವಿಸಿಂಗ್ ಇರ್ತದೇನು' ಅಂತಾರೆ. ನನ್ನ ಅತ್ತೆಯೊಬ್ಬರು ಮಾತ್ರ ನೇರ. "ಅದು ಸವೆದ ಮ್ಯಾಲೆ ಏನು ಮಾಡ್ತಿಯಪ್ಪಾ?" ಅಂದು, ನನ್ನನ್ನು ಬಿಟ್ಟು ನನ್ನ ಹೆಂಡತಿಯ ಮುಖ ನೋಡುತ್ತಾರೆ.

ಇದನ್ನು ಬರೆಯೋಕೆ ಕಾರಣ ಒಬ್ಬ ಗೌಡರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಿತ್ತು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ. ಭತ್ತ ನಂಬಿದ ಊರು ನಮ್ಮದು. ನೀರೆಲ್ಲ ನದಿಗೆ ಹೋಗುತ್ತಿದೆ ಅಂತ ಚಹಾ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಅಂಥದ್ದರಲ್ಲಿ ಗೌಡರು ಸುಟ್ಟ ಮೋಟರ್ ಒಂದನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದರು.

"ವೈಂಡಿಂಗಿಗೆ ಎಷ್ಟು ಗ್ಯಾರಂಟಿ ಮೇಸ್ತ್ರಿ?"

"ಮೂರು ತಿಂಗಳು, ಗೌಡ್ರೆ."

"ಡ್ಯಾಮಿನ ಗೇಟು ಎಪ್ಪತ್ತು ವರ್ಷ ಬಂತು. ನಿನ್ನ ಬಾಲಿಗೆ ಎಷ್ಟು ಕೊಟ್ಟಾರ?"

"ಇಪ್ಪತ್ತರ ತನಕ ಬರಬಹುದು ಅಂದಾರ್ರಿ."

"ನಿನಗ ಇಪ್ಪತ್ತು ವರ್ಷ, ನನಗ ಮೂರು ತಿಂಗಳು. ಚಲೋ ಐತೆಲ್ಲ ನಿನ್ನ ವ್ಯಾಪಾರ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಗೌಡರಿಗೆ ಕೊಡಬೇಕಿದ್ದ ಉತ್ತರ ಆ ಡ್ಯಾಮಿನಲ್ಲೇ ಇತ್ತು ಅಂತ ಆಮೇಲೆ ಹೊಳೆಯಿತು. ಡ್ಯಾಮಿಗೆ 33 ಗೇಟು. ಒಂದೇ ಕಾಲದ್ದು, ಒಂದೇ ನೀರಿಗೆ ನಿಂತದ್ದು. ಅವತ್ತು ಹೋಗಿದ್ದು ಒಂದು, ನಿಂತಿದ್ದು 32. ಹಿಂದಿನ ದಿನ ಹೋಗಿ '19ನೇದು ಎಷ್ಟು ದಿನ ಬರುತ್ತೆ' ಅಂತ ಕೇಳಿದ್ದರೆ ಯಾರು ಏನು ಹೇಳುತ್ತಿದ್ದರು?

ಬಾಲಿನ ಲೆಕ್ಕವೂ ಹಾಗೇ. ಒಟ್ಟು ಗೇಟಿನ ಲೆಕ್ಕ ಸಿಗುತ್ತೆ, ನನ್ನ ಗೇಟಿನದು ಸಿಗಲ್ಲ. 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯರ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಬಂತು. ಆಸ್ಟ್ರೇಲಿಯಾ, ಫಿನ್‌ಲ್ಯಾಂಡ್‌ಗಳಲ್ಲಿ ಯಾರಿಗೆ ಯಾವಾಗ ಕೀಲು ಹಾಕಿದರು, ಯಾವಾಗ ಬದಲಿಸಿದರು ಅಂತ ದಾಖಲೆ ಇಡುತ್ತಾರೆ. ಅದರ ಪ್ರಕಾರ ನೂರು ಕೀಲಿನಲ್ಲಿ 15 ವರ್ಷಕ್ಕೆ 89 ಉಳಿದಿರುತ್ತವೆ, 20 ವರ್ಷಕ್ಕೆ 70, 25 ವರ್ಷಕ್ಕೆ 58. ಇವು ಹಳೇ ಕಾಲದಲ್ಲಿ ಹಾಕಿದ ಕೀಲುಗಳು. ಕೀಲಿನೊಳಗೆ ಈಗ ಹಾಕುವ ಪ್ಲಾಸ್ಟಿಕ್ ಇನ್ನೂ ಕಡಿಮೆ ಸವೆಯುತ್ತೆ.

ವಯಸ್ಸಿನದೂ ಒಂದು ಲೆಕ್ಕ ಇದೆ, 2017ರದ್ದು, ಅದೇ ಪತ್ರಿಕೆಯಲ್ಲಿ ಬಂದದ್ದು. 70 ದಾಟಿ ಹಾಕಿಸಿಕೊಂಡವರಲ್ಲಿ ಜೀವನದಲ್ಲಿ ಮತ್ತೊಮ್ಮೆ ಆಪರೇಷನ್ ಬೇಕಾಗೋದು ನೂರಕ್ಕೆ ಐದು ಜನಕ್ಕೆ. ಐವತ್ತರ ಆಸುಪಾಸಿನ ಗಂಡಸರಲ್ಲಿ ನೂರಕ್ಕೆ 35ರವರೆಗೆ. ಓಡಾಟ ಜಾಸ್ತಿ, ಮುಂದೆ ಬದುಕಬೇಕಾದ ವರ್ಷವೂ ಜಾಸ್ತಿ, ಅದಕ್ಕೆ. ನನಗೆ 44 ಇತ್ತು ಅಂತ ಮೇಲೆ ಹೇಳಿದ್ದೇನೆ. ಅತ್ತೆಗೆ ಈ ಲೆಕ್ಕ ಹೇಳಿಲ್ಲ, ನೀವೂ ಹೇಳಬೇಡಿ.

ಸವೆಯೋದು ಹೇಗೆ ಅಂತ ಮಾತ್ರ ಯಾರೂ ಕೇಳಲ್ಲ. ನನಗೆ ಅದೇ ಇಷ್ಟದ ವಿಷಯ. ಬಟ್ಟಲಿನ ಒಳಗೆ ಪ್ಲಾಸ್ಟಿಕ್ ಬುಷ್, ಅದರಲ್ಲಿ ಗುಂಡು ತಿರುಗುತ್ತೆ. ವರ್ಷಗಟ್ಟಲೆ ತಿರುಗಿ ಕಣ್ಣಿಗೆ ಕಾಣದ ಪುಡಿ ಉದುರುತ್ತೆ. ಆ ಪುಡಿಯನ್ನು ನುಂಗೋಕೆ ಮೈಯ ಜೀವಕೋಶಗಳು ಬರುತ್ತವೆ, ಆ ಗಲಾಟೆಯಲ್ಲಿ ಸುತ್ತಲಿನ ಮೂಳೆ ಕರಗಿ ಕೀಲು ಸಡಿಲ ಆಗುತ್ತೆ. ನಮ್ಮಲ್ಲಿ ಬುಷ್ ಹೋದರೆ ಬುಷ್ ಹೋಯಿತು ಅಷ್ಟೇ. ಇಲ್ಲಿ ಬುಷ್ಷಿನ ಪುಡಿ ಬಾಡಿಯನ್ನೇ ತಿನ್ನುತ್ತೆ. ಸೋಂಕು ತಗುಲಿದರೂ, ಗುಂಡು ಜಾರಿದರೂ, ಬಿದ್ದು ಮೂಳೆ ಮುರಿದರೂ ಮತ್ತೆ ಬಿಚ್ಚಬೇಕಾಗಬಹುದು. ಗುಂಡು ಜಾರಬಾರದು ಅಂತಲೇ ನಾನು ನೆಲದ ಮೇಲೆ ಕೂತು ಕಾಯಿಲ್ ಸುತ್ತೋದು ಬಿಟ್ಟು ಮೇಜು ಮಾಡಿಸಿದ್ದು. ಸೊಕ್ಕು ಬಂದಿದೆ ಅಂತ ಅದಕ್ಕೂ ಅಂದರು.

ಇದೇ ಪುಡಿಯ ಕಾಟಕ್ಕೆ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಅನ್ನೋ ಸರ್ಜನ್ ಮೊದಲು ಸೋತಿದ್ದರು. ಅವರು ಟೆಫ್ಲಾನ್ ಅನ್ನೋ ಪ್ಲಾಸ್ಟಿಕ್ಕಿನ ಬಟ್ಟಲು ಹಾಕುತ್ತಿದ್ದರು, ಅದು ಕೆಲವೇ ವರ್ಷಕ್ಕೆ ಸವೆದು ಹೆಚ್ಚುಕಡಿಮೆ ಎಲ್ಲ ಬಿಚ್ಚಬೇಕಾಯಿತು. 1962ರಲ್ಲಿ ಒಬ್ಬ ಸೇಲ್ಸ್‌ಮನ್ ಮಗ್ಗಕ್ಕೆ ಹಾಕುವ ಪ್ಲಾಸ್ಟಿಕ್ ಗೇರ್ ಮಾರೋಕೆ ಅವರ ಲ್ಯಾಬಿಗೆ ಬಂದ. ಚಾರ್ನ್ಲಿ ಉಗುರಿನಿಂದ ಒತ್ತಿ ನೋಡಿ, ಕೆಲಸಕ್ಕೆ ಬರಲ್ಲ ಅಂತ ಬಿಟ್ಟರು. ಅವರ ಮೆಕ್ಯಾನಿಕ್ ಹ್ಯಾರಿ ಕ್ರೇವನ್ ಮಾತ್ರ, ಸಾಹೇಬರು ಊರಲ್ಲಿಲ್ಲದ ಹೊತ್ತಿಗೆ ಅದನ್ನು ಸುಮ್ನೆ ಮಷೀನಿಗೆ ಕಟ್ಟಿ ತಿರುಗಲು ಬಿಟ್ಟ. ಟೆಫ್ಲಾನ್ ಒಂದು ದಿನಕ್ಕೆ ಸವೆಯುತ್ತಿದ್ದಷ್ಟು ಇದು ವಾರಗಟ್ಟಲೆ ತಿರುಗಿದರೂ ಸವೆಯಲಿಲ್ಲ. ಅದೇ ನವೆಂಬರಿನಿಂದ ಮನುಷ್ಯರಿಗೆ ಹಾಕಿದರು. ಇವತ್ತಿಗೂ ಅದೇ ಜಾತಿಯ ಪ್ಲಾಸ್ಟಿಕ್. ಡಾಕ್ಟರಿಗೆ ಆಮೇಲೆ ಸರ್ ಅಂತ ಪದವಿ ಬಂತು. ಮೆಕ್ಯಾನಿಕ್ಕಿನ ಹೆಸರು ನೀವು ಇವತ್ತೇ ಕೇಳಿರಬೇಕು, ಅಲ್ವಾ?

ಇರಲಿ. ನನ್ನನ್ನು ಕೇಳಬೇಕಾದ ಪ್ರಶ್ನೆ ಗ್ಯಾರಂಟಿಯದ್ದಲ್ಲ. 'ಮೊದಲು ಎಲ್ಲಿ ನೋಯುತ್ತಿತ್ತು?' ಅಂತ ಕೇಳಬೇಕು. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಮೊಣಕಾಲು. ಹೌದು, ಮೊಣಕಾಲು ನೋಯುತ್ತಿತ್ತು. ಚಪ್ಪೆಯಲ್ಲಿ ಏನೂ ಇಲ್ಲ. ಎರಡು ವರ್ಷ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಪಟ್ಟಿ ಕಟ್ಟಿದೆ, ಇಂಜೆಕ್ಷನ್ ಮಾಡಿಸಿದೆ. ಎರಡು ಸಲ ಮೊಣಕಾಲಿನ ಎಕ್ಸ್‌ರೇ ತೆಗೆದರು. ಎರಡೂ ಸಲ 'ಏನಿಲ್ಲ, ಸ್ವಲ್ಪ ಸವೆತ' ಅಂದು ಮಾತ್ರೆ ಬರೆದರು. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿ, ಪಾದವನ್ನು ಹೊರಗಡೆಗೆ ತಿರುಗಿಸಿದರು. ಪೂರ್ತಿ ತಿರುಗುವ ಮೊದಲೇ ನಾನು ಕಿರುಚಿದ್ದು ಹೊರಗೆ ಕೂತಿದ್ದ ಹೆಂಡತಿಗೆ ಕೇಳಿಸಿತಂತೆ. "ಯಜಮಾನ್ರೇ, ನಿಮ್ಮ ಮೊಣಕಾಲು ಸರಿ ಇದೆ" ಅಂದರು. ಚಪ್ಪೆಗೆ ಹೋಗುವ ನರದ ಕವಲೇ ಮೊಣಕಾಲಿಗೂ ಹೋಗುತ್ತೆ, ಹಾಗಾಗಿ ಮೇಲಿನ ನೋವು ಕೆಳಗೆ ಕಾಣಿಸುತ್ತೆ.

ನನಗೆ ಆ ಡಾಕ್ಟರುಗಳ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದದ್ದು ಜಾಸ್ತಿ. ಪಂಪ್ ಚಾಲೂ ಮಾಡುವ ಸ್ಟಾರ್ಟರ್ ಟ್ರಿಪ್ ಆಗುತ್ತಿದೆ ಅಂತ ಸ್ಟಾರ್ಟರ್ ಹೊತ್ತುಕೊಂಡು ಬರುವ ರೈತರಿಗೆ, 'ಅದಕ್ಕೇನಾಗಿಲ್ಲ ಮಾರಾಯ್ರೆ, ಬೋರಿನ ಕೆಳಗಿನ ಮೋಟರ್ ನೋಡಿ' ಅಂತ ದಿನಾ ಹೇಳುವವನು ನಾನು. ಎರಡು ವರ್ಷ ಸ್ಟಾರ್ಟರನ್ನೇ ಉಜ್ಜಿದೆ.

ಬೇಗ ಗೊತ್ತಾಗಿದ್ದರೆ ಮೂಳೆ ಉಳಿಯುತ್ತಿತ್ತು ಅಂತ ಖಾತ್ರಿ ಹೇಳಲಾರೆ. ತಲೆ ಕುಸಿಯುವ ಮೊದಲೇ ಸಿಕ್ಕರೆ ಕೆಲವರಿಗೆ ಅದರಲ್ಲಿ ತೂತು ಕೊರೆದು ಒತ್ತಡ ಇಳಿಸುತ್ತಾರೆ, ಕೆಲವರದು ಉಳಿಯುತ್ತೆ. ನನಗೆ ಆ ಹೊತ್ತು ದಾಟಿತ್ತು.

ಮೊನ್ನೆ ರೈಸ್ ಮಿಲ್ಲಿನ ಲಾರಿ ಡ್ರೈವರ್ ಒಬ್ಬ ಅಂಗಡಿಗೆ ಬಂದ. ಇನ್ನೂ ನಲವತ್ತಾಗಿಲ್ಲ. ಕುಂಟುತ್ತಿದ್ದ, ಮೊಣಕಾಲಿಗೆ ಪಟ್ಟಿ. ಬಾಯಿ ತೆರೆದು 'ಅಣ್ಣ, ನಿಮ್ಮ ಬಾಲಿಗೆ' ಅನ್ನುವಷ್ಟರಲ್ಲಿ ನಾನೇ ಕೇಳಿದೆ: "ಕಾಲಿನ ಉಗುರು ನೀನೇ ತೆಕ್ಕೋತಿಯಾ?" ಅವನು ಕಕ್ಕಾಬಿಕ್ಕಿಯಾದ. ಹೆಂಡತಿ ತೆಗೆಯುತ್ತಾಳಂತೆ, ಒಂದು ವರ್ಷ ಆಯಿತಂತೆ, ಬಗ್ಗಿದರೆ ತೊಡೆಸಂದು ಹಿಡಿಯುತ್ತದಂತೆ. ಬಿಲ್ ಬುಕ್ಕಿನಿಂದ ಒಂದು ಹಾಳೆ ಹರಿದು ಹಿಂದುಗಡೆ ಬರೆದುಕೊಟ್ಟೆ: ಮೂಳೆ ಡಾಕ್ಟರಿಗೆ ತೋರಿಸು, ಮೊಣಕಾಲಲ್ಲ, ಎರಡೂ ಚಪ್ಪೆಯ ಎಕ್ಸ್‌ರೇ ತೆಗೀರಿ ಅನ್ನು. ಮುಂದುಗಡೆ 'ಗ್ಯಾರಂಟಿ 3 ತಿಂಗಳು ಮಾತ್ರ' ಅಂತ ಅಚ್ಚಾಗಿತ್ತು. ಅದಕ್ಕೊಂದು ಗೀಟು ಹಾಕಿ ಕೊಟ್ಟೆ.